ಕಥೆ ಹೇಗೆ ಮುಗಿಯಬೇಕು?

ನನ್ನ ಬಾಲ್ಯದಲ್ಲಿ ಕಥೆ ಹೇಗೆ ಮುಗಿಯುವುದೆಂದು ಯಾರೂ ಕೇಳುತ್ತಿರಲಿಲ್ಲ. ಲಿಂಗಸುಗೂರು ಸೀಮೆಯ ನಮ್ಮ ಹಳ್ಳಿಯಲ್ಲಿ ಸುಗ್ಗಿ ತೀರಿದ ಮೇಲೆ ಬಯಲಾಟ ನಡೆಯುತ್ತಿತ್ತು. ಕೊನೆಯಲ್ಲಿ ದುರ್ಯೋಧನನ ತೊಡೆ ಮುರಿಯುವುದೆಂಬುದು ಅಲ್ಲಿ ಎಳೆಯ ಮಕ್ಕಳಿಗೂ ತಿಳಿದ ಸಂಗತಿ. ಆದರೂ ಜನರು ಕಂಬಳಿ ಹೊದ್ದು ಬೆಳಗಿನ ಮಂಗಳಾರತಿಯವರೆಗೆ ಕದಲದೆ ಕುಳಿತಿರುತ್ತಿದ್ದರು. ಹೀಗೆ ಬೆಳೆದ ನನಗೆ, ಇನ್ನೂ ಮುಗಿಯದ ಕಥೆಗೆ ಜನರು ತಮತಮಗೆ ತೋಚಿದ ಮುಕ್ತಾಯಗಳನ್ನು ಕಟ್ಟುತ್ತ ಕೂಡುವುದು ಬಹುಕಾಲ ಹಾಸ್ಯಾಸ್ಪದವಾಗಿಯೇ ಕಾಣುತ್ತಿತ್ತು. ಆ ಹಾಸ್ಯವು ನನ್ನ ಮೇಲೆಯೇ ತಿರುಗಿದ ಬಗೆಯನ್ನು ವಾಚಕರಲ್ಲಿ ಅರಿಕೆಮಾಡಿಕೊಳ್ಳುತ್ತೇನೆ.

2019ನೆಯ ಮೇ ತಿಂಗಳ ಮಾತು. ನಾನಿನ್ನೂ ಸಿಂಧನೂರಿನಲ್ಲಿ ಶಾಲೆಯ ಸೇವೆಯಲ್ಲಿದ್ದೆ, ಬೇಸಗೆಯ ರಜೆ. ಮಸ್ಕಿಗೆ ಕೊಟ್ಟಿದ್ದ ನನ್ನ ಅಕ್ಕ, ಭಾವನವರು ತೀರಿಕೊಂಡ ಮೇಲೆ ವರ್ಷದ ಹೆಚ್ಚು ಭಾಗವನ್ನು ನಮ್ಮ ಮನೆಯಲ್ಲಿಯೇ ಕಳೆಯುತ್ತಿದ್ದಳು. ಝೀ ಕನ್ನಡ ವಾಹಿನಿಯಲ್ಲಿ 2016ರಲ್ಲಿ ಮೊದಲಾಗಿದ್ದ ‘ನಾಗಿಣಿ’ ಎಂಬ ಧಾರಾವಾಹಿಯೆಂದರೆ ಆಕೆಗೂ ನನ್ನ ಮಡದಿಗೂ ಪ್ರಾಣ. ಬೇಕಾದ ರೂಪವನ್ನು ತಾಳಬಲ್ಲ ನಾಗಕನ್ಯೆಯೊಬ್ಬಳು ಸೇಡಿಗಾಗಿ ಮನುಷ್ಯರ ನಡುವೆ ಬಂದು ಸೇರುವ ಕಥೆ ಅದು. ನೆರೆಮನೆಯ ಹೆಣ್ಣುಮಕ್ಕಳಿಬ್ಬರು, ಸಾರಿಗೆ ಸಂಸ್ಥೆಯಿಂದ ನಿವೃತ್ತರಾದ ಕಂಡಕ್ಟರು ಒಬ್ಬರು, ಇವರೂ ಆ ಸಭೆಯ ಸದಸ್ಯರು. ನಾನು ಮಾತ್ರ ಪಕ್ಕದ ಕೋಣೆಯಲ್ಲಿ ಕಾದಂಬರಿಯನ್ನೋ ಉತ್ತರರಾಮಚರಿತವನ್ನೋ ತೆರೆದುಕೊಂಡು, ಗಾಂಭೀರ್ಯದಿಂದ ಕುಳಿತಿರುತ್ತಿದ್ದೆ. ಕಿವಿ ಮಾತ್ರ ಈ ಕಡೆಗೇ ಇತ್ತೆಂಬುದನ್ನು ಈಗ ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ಆ ರಜೆಯಲ್ಲಿ ಬೆಂಗಳೂರಿನಿಂದ ಮಗನೂ ಬಂದಿದ್ದನು. ಅವನ ಗೀಳು ಬೇರೆ. ಅಮೆರಿಕದ ‘ಗೇಮ್ ಆಫ್ ಥ್ರೋನ್ಸ್’ ಎಂಬ ನಾಟಕಮಾಲೆಯು 2011ರಿಂದ ಎಂಟು ಭಾಗಗಳಲ್ಲಿ 73 ಕಂತುಗಳಾಗಿ ಬಂದು, ಆ ತಿಂಗಳ 20ರ ಮುಂಜಾನೆ ನಮ್ಮ ದೇಶದಲ್ಲಿ ಮುಕ್ತಾಯವಾಯಿತು. ಬೆಂಕಿಯುಗುಳುವ ರೆಕ್ಕೆಯ ಸರ್ಪಗಳು, ಕತ್ತಿಗಳಿಂದ ಮಾಡಿದ ಒಂದು ಸಿಂಹಾಸನ, ಅದಕ್ಕಾಗಿ ಬಡಿದಾಡುವ ಮನೆತನಗಳು. ಯಾರು ಪಟ್ಟವೇರುವರೆಂದು ಮಗನು ವರ್ಷಗಟ್ಟಲೆ ಮಿತ್ರರೊಡನೆ ತರ್ಕಿಸಿದ್ದನಂತೆ. ಕಡೆಗೆ ಆ ಸಿಂಹಾಸನವೇ ಬೆಂಕಿಯಲ್ಲಿ ಕರಗಿಹೋಗಿ, ಇವನು ಎಣಿಸಿಯೇ ಇರದಿದ್ದ, ನಡೆಯಲಾರದ ತರುಣನೊಬ್ಬನು ಅರಸನಾದನು. ಮಗನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕೊನೆಯ ಭಾಗವನ್ನು ಹೊಸದಾಗಿ ಮಾಡಬೇಕೆಂದು ಜಗತ್ತಿನಲ್ಲಿ ಹತ್ತು ಲಕ್ಷಕ್ಕೂ ಮೀರಿದ ಜನರು ಮನವಿಗೆ ಒಪ್ಪಿಗೆ ಹಾಕಿದರೆಂದು ಅವನೇ ಹೇಳಿದನು.

ಹೀಗಿರುವಾಗ ಒಂದು ರಾತ್ರಿ, ನಾಗಿಣಿಯು ಯಾರನ್ನೋ ದುರುಗುಟ್ಟಿ ನೋಡುತ್ತಿದ್ದ ಗಳಿಗೆಯಲ್ಲಿ ಕರೆಂಟು ಹೋಯಿತು. ಸೆಕೆ ತಾಳಲಾರದೆ ಎಲ್ಲರೂ ಮಾಳಿಗೆಯನ್ನೇರಿದೆವು. ಚಾಪೆಗಳು ಬಂದವು, ನೀರಿನ ತಂಬಿಗೆ ಬಂದಿತು, ಊಹೆಗಳೂ ಬಂದವು. ನೆರೆಮನೆಯ ಹಿರಿಯಳು, ನಾಗಿಣಿಯು ವೈರಿಗಳೆಲ್ಲರನ್ನೂ ಕಚ್ಚಿ ಕೊಲ್ಲದೆ ಬಿಡಳೆಂದಳು. ಕಿರಿಯಳು, ಪ್ರೀತಿಯೇ ಗೆಲ್ಲುವುದೆಂದಳು. ಆಕೆಗೆ ಆಗ ವರಾನ್ವೇಷಣೆ ನಡೆದಿತ್ತು. ಕಂಡಕ್ಟರು, “ಜಾಹೀರಾತು ಬರೋತನಕ ಬಂಡಿ ನಡೀತೈತ್ರಿ, ನಿಂತ ದಿವಸ ಅದೇ ಕಡೇ ಸ್ಟಾಪು” ಎಂದು ತೀರ್ಪು ಕೊಟ್ಟರು.

ಆಗ ನನ್ನ ಪಾಂಡಿತ್ಯವು ಸುಮ್ಮನಿರದಾಯಿತು. ನಾಟಕದ ವಸ್ತುವಿಗೆ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣವೆಂದು ಐದು ಸಂಧಿಗಳುಂಟೆಂದೂ, ಮುಖದಲ್ಲಿ ಬಿತ್ತಿದ ಬೀಜವೇ ನಿರ್ವಹಣದಲ್ಲಿ ಫಲವಾಗತಕ್ಕದ್ದೆಂದೂ, ಬೀಜವನ್ನು ಬಲ್ಲವನಿಗೆ ಊಹೆಯ ಶ್ರಮವಿಲ್ಲವೆಂದೂ ಉಪನ್ಯಾಸ ಮಾಡಿದೆನು. ಮಗನ ಕಡೆಗೆ ತಿರುಗಿ, ಮುಕ್ತಾಯಕ್ಕಾಗಿ ಕೊರಗುವವರು ನೀವೇ ಮೊದಲಿಗರಲ್ಲವೆಂದೆನು. ಬಾಣಭಟ್ಟನು ಕಾದಂಬರಿಯನ್ನು ಮುಗಿಸದೆ ತೀರಿಕೊಂಡನು. ಉತ್ತರಭಾಗವನ್ನು ಬರೆದವನು ಅವನ ಮಗ. ನಮ್ಮ ಕುಮಾರವ್ಯಾಸನ ಭಾರತವು ಹತ್ತು ಪರ್ವಗಳಿಗೆ ನಿಂತಿತು. ಉಳಿದುದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿಯು ಪೂರೈಸಿದನು. “ಇವನ ನಾಟಕದ್ದೂ ಅದೇ ಕಥೆಯಂತೆ,” ಎಂದಳು ಮಡದಿ. ಮಾತು ನಿಜವೇ: ಮೂಲದ ಗ್ರಂಥಕರ್ತರಾದ ಜಾರ್ಜ್ ಮಾರ್ಟಿನ್ನರ ಐದನೆಯ ಸಂಪುಟವು 2011ರಲ್ಲಿ ಹೊರಬಿದ್ದಿತ್ತು, ನಾಟಕದವರು ಗ್ರಂಥವನ್ನು ಹಿಂದೆ ಹಾಕಿ, ಮುಕ್ತಾಯವನ್ನು ತಾವೇ ಕಟ್ಟಿದ್ದರು.

“ಹಾಗಾದರೆ ಊಹೆಯಿಂದ ಪ್ರಯೋಜನವೇನು?” ಎಂದು ಮಗನು ಕೇಳಿದನು. ಅಕ್ಕನ ಊರು ನೆನಪಾಗಿ, ಉದಾಹರಣೆಯನ್ನು ಅಲ್ಲಿಂದಲೇ ತೆಗೆದೆನು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಬಿಡಿಸಿದಾಗ, ಶಾಸನಗಳಲ್ಲಿ ‘ದೇವಾನಾಂಪ್ರಿಯ’ನೆಂಬ ಅರಸನು ಕಂಡುಬಂದನು. ಇವನಾರು? ಸಿಂಹಳದ ಗ್ರಂಥಗಳ ಆಧಾರದಿಂದ ಅಶೋಕನೇ ಇರಬೇಕೆಂದು ವಿದ್ವಾಂಸರು ಊಹಿಸಿದರು. 1915ರಲ್ಲಿ ಚಿನ್ನವನ್ನರಸುತ್ತಿದ್ದ ಬೀಡನ್ ಎಂಬ ಇಂಜಿನಿಯರು ಮಸ್ಕಿಯ ಗುಡ್ಡದ ಬಂಡೆಯೊಂದರಲ್ಲಿ ಬರಹವನ್ನು ಕಂಡನು. ಅದರಲ್ಲಿ ‘ದೇವಾನಾಂಪಿಯ’ ಎಂಬ ಬಿರುದಿನೊಡನೆ ‘ಅಶೋಕ’ ಎಂಬ ಹೆಸರೂ ಇತ್ತು. ಎಂಬತ್ತು ವರ್ಷಗಳಷ್ಟು ಕಾಲದ ಊಹೆಗೆ ನಮ್ಮ ನೆಲವೇ ಉತ್ತರ ಕೊಟ್ಟಿತು.

ಅಕ್ಕನು ಅದುವರೆಗೆ ಮಾತಾಡಿರಲಿಲ್ಲ. ಈಗ ಹೇಳಿದಳು: “ಆ ಗುಡ್ಡದ ಬುಡಕ್ಕ ನಾ ಎಷ್ಟು ವರ್ಷ ತಿರುಗ್ಯಾಡೀನಿ, ತಮ್ಮಾ. ಬರೆದದ್ದು ಕಲ್ಲಿನಾಗ ಮೊದಲಿಂದ ಇತ್ತು. ಓದೋರು ಇರಲಿಲ್ಲ, ಅಷ್ಟ.”

ನಾನು ನಕ್ಕು, “ಸರಿ, ನಿನ್ನ ನಾಗಿಣಿಯ ಕಥೆ ಹೇಗೆ ಮುಗಿಯಬೇಕು?” ಎಂದೆನು.

“ಯಾರನ್ನೂ ಕೊಲ್ಲೋದು ಬ್ಯಾಡ. ಆಕೀದು ಆಕೀಗೆ ಕೊಟ್ಟುಬಿಟ್ಟರ ಸೇಡು ಯಾತಕ್ಕ? ಹಾವು ತನ್ನ ದಾರಿ ಹಿಡಕೊಂಡು ಹೋಗತೈತಿ.”

ಎಲ್ಲರೂ ಒಪ್ಪಿ ತಲೆಯಾಡಿಸಿದರು. ಕರೆಂಟು ಬಂದಿತು, ಮಾಳಿಗೆ ಬರಿದಾಯಿತು. ನಾನು ಮಾತ್ರ ಚಾಪೆಯ ಮೇಲೆಯೇ ಉಳಿದೆನು.

ವಾಚಕರಲ್ಲಿ ಮುಚ್ಚುಮರೆ ಏಕೆ? ನಮ್ಮ ತಂದೆಯವರು 2006ರಲ್ಲಿ ತೀರಿಕೊಂಡಾಗ ಹಳ್ಳಿಯಲ್ಲಿ ಆರು ಎಕರೆ ಎರೆಹೊಲವನ್ನು ಬಿಟ್ಟುಹೋದರು. ಮಕ್ಕಳು ನಾವಿಬ್ಬರೇ. ಅದರ ಹಿಂದಿನ ವರ್ಷವಷ್ಟೇ, ಹೆಣ್ಣುಮಗಳಿಗೂ ಗಂಡುಮಗನಷ್ಟೇ ಪಾಲೆಂದು ದೇಶದ ಕಾನೂನು ತಿದ್ದುಪಡಿಯಾಗಿತ್ತು. ಅದನ್ನು ನಾನು ಓದಿದ್ದೆನು, ಅಕ್ಕನು ಓದಿರಲಿಲ್ಲ. ಹಕ್ಕು ಬಿಡುಗಡೆಯ ಪತ್ರವನ್ನು ಬರೆಯಿಸಿ, ಆಕೆಯನ್ನು ಕಚೇರಿಗೆ ಕರೆದೊಯ್ದು ತೋರಿದಲ್ಲಿ ರುಜು ಹಾಕಿಸಿದೆನು. ಇಳಕಲ್ಲಿನ ಸೀರೆಯೊಂದನ್ನು ಉಡಿಸಿ, ಹೆಣ್ಣುಮಕ್ಕಳಿಗೆ ತವರಿನ ಅರಿಷಿನ ಕುಂಕುಮವೇ ಸಾಕೆಂಬ ಲೋಕರೂಢಿಯ ಮಾತನ್ನಾಡಿ ಕಳುಹಿದೆನು. ಹನ್ನೆರಡು ವರ್ಷ ಆಕೆ ಆ ವಿಷಯವನ್ನು ಎತ್ತಲಿಲ್ಲ. ಎತ್ತದಿರುವುದನ್ನು ಸಮ್ಮತಿಯೆಂದು ಬಗೆದು ನಾನು ಸುಖವಾಗಿ ನಿದ್ರಿಸಿದೆನು. ಬೀಜವನ್ನು ಬಲ್ಲವನಿಗೆ ಫಲದ ಊಹೆ ಬೇಡವೆಂದು ಎಲ್ಲರಿಗೂ ಬೋಧಿಸಿದವನು, ನನ್ನ ಕೈಯಾರೆ ಬಿತ್ತಿದುದನ್ನು ಮರೆತಿದ್ದೆನು.

ಅಂದು ನನಗೆ ಹೊಳೆದುದಿಷ್ಟೇ. ಮುಂದೇನೆಂದು ಊಹಿಸುವವರು ಕಥೆಗಾರನ ಮನಸ್ಸನ್ನು ಹೇಳುವುದಿಲ್ಲ, ತಮ್ಮದನ್ನು ಹೇಳುತ್ತಾರೆ. ಮದುವೆಯ ಹುಡುಗಿ ಪ್ರೀತಿಯ ಜಯವನ್ನು ಕಂಡಳು. ನನ್ನ ಮಗನು ಯೋಗ್ಯನೆಂದು ತಾನು ತಿಳಿದವನಿಗೆ ಪಟ್ಟವನ್ನು ಬಯಸಿದನು. ನೇರವಾಗಿ ಕೇಳಲು ಬಾಯಿಲ್ಲದವರಿಗೆ ಕಥೆಯ ಕೊನೆಯು ಒಂದು ಬಾಯಿ. ಮನೆಯಲ್ಲಿ ಹಿರಿಯರೂ ಹೆಂಗಸರೂ ಇಂತಹ ಹರಟೆಗೆ ಕುಳಿತಾಗ ಯಜಮಾನರಾದವರು ಪಕ್ಕದ ಕೋಣೆಯಲ್ಲಿ ಕೂಡದಿರುವುದು ಲೇಸು.

ಆ ವರ್ಷ ದಸರೆಗೆ ಮೊದಲು ಮೂರು ಎಕರೆಯನ್ನು ಅಕ್ಕನ ಹೆಸರಿಗೆ ದಾನಪತ್ರದ ಮೂಲಕ ಬರೆದುಕೊಟ್ಟೆನು. ಆಕೆಯದನ್ನೇ ಆಕೆಗೆ ಕೊಡುವುದಕ್ಕೆ ‘ದಾನ’ವೆಂಬ ಹೆಸರು ಬಂದುದು ನನ್ನನ್ನು ಇಂದಿಗೂ ಚುಚ್ಚುತ್ತದೆ. ಕಾಗದವನ್ನು ಕೈಗಿತ್ತಾಗ ಅಕ್ಕನು ಬೆರಗಾಗಿ, “ನಾ ಸೀರಿಯಲ್ಲಿನ ಮಾತಾಡಿದ್ದೆನೋ, ತಮ್ಮಾ” ಎಂದಳು. ಹೌದೋ ಅಲ್ಲವೋ, ಇಂದಿಗೂ ನಾನರಿಯೆ. ಆದರೆ ಕಾಗದವನ್ನು ಮಡಿಚಿ ಟ್ರಂಕಿನಲ್ಲಿಟ್ಟು, ಬೀಗವನ್ನು ಎರಡು ಸಲ ಎಳೆದು ನೋಡಿದಳು. ಕೆಲವು ದಿನಗಳಲ್ಲಿ ಮಸ್ಕಿಯ ಮನೆಯನ್ನು ಸಾರಿಸಿ, ದೀಪ ಹಚ್ಚಿ, ಅಲ್ಲಿಯೇ ನೆಲೆಸಿದಳು.

ಆ ಧಾರಾವಾಹಿಯು ಮುಗಿದಾಗ ಅಕ್ಕನು ನಮ್ಮ ಮನೆಯಲ್ಲಿರಲಿಲ್ಲ. ಮಡದಿಯು ಕೊನೆಯನ್ನು ಹೇಳಬೇಕೆಂದು ಉತ್ಸಾಹದಿಂದ ಫೋನು ಮಾಡಿದಳು. ಅತ್ತ ಕಡೆಯಿಂದ ಅಕ್ಕನು ಕೇಳಿದುದು ಒಂದೇ ಮಾತು: ಹೊಲದಲ್ಲಿ ತೊಗರಿ ಹೇಗಿದೆಯೆಂದು.