ಡಬ್ಬಿಯ ಮೇಲಿನ ವೇಗ

ಡಬ್ಬಿಯ ಮೇಲೆ ಬರೆದಿರುವುದೆಲ್ಲ ಡಬ್ಬಿಯ ಒಳಗೂ ಇರುತ್ತದೆಂದು ನಂಬುವ ವಯಸ್ಸು ನನ್ನದಲ್ಲ. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಕುಕ್ಕರಿನ ಲೀಟರು, ಮಿಕ್ಸಿಯ ವಾಟ್ಸು, ಸೀರೆಯ ಬಣ್ಣದ ಗ್ಯಾರಂಟಿ ಇವೆಲ್ಲ ಎಷ್ಟರ ಮಟ್ಟಿಗೆ ನಿಜ ಎಂಬುದು ತಿಳಿದಿರುತ್ತದೆ. ಐದು ಲೀಟರಿನ ಕುಕ್ಕರಿನಲ್ಲಿ ಐದು ಲೀಟರು ಸಾರು ಕುದಿಸಲು ಹೊರಟರೆ ಆಮೇಲೆ ಗೋಡೆ ಒರೆಸುತ್ತಾ ಕೂರಬೇಕು. ಆದರೆ ನಮ್ಮ ಮನೆಯ ಗಂಡಸರಿಗೆ ಅಂಕಿಯ ಮೇಲೆ ಅಪಾರ ಭಕ್ತಿ. 2023ರ ಶ್ರಾವಣದಲ್ಲಿ ಹೀಗೆ ಒಂದು ಅಂಕಿಯ ದೆಸೆಯಿಂದ ಯಾರದೋ ಮನೆಯ ಹುಡುಗಿಯ ಕೆಲಸಕ್ಕೇ ಸಂಚಕಾರ ಬರುವುದರಲ್ಲಿತ್ತು.

ನಮ್ಮ ಸೊಸೆ ಮನೆಯಲ್ಲೇ ಕೂತು ಮದುವೆಯ ಆಲ್ಬಂ ಮಾಡಿಕೊಡುತ್ತಾಳೆ. ಶಿವಮೊಗ್ಗದ ಫೋಟೋದವರು ಸಾವಿರಗಟ್ಟಲೆ ಚಿತ್ರ ತಂದು ಸುರಿಯುತ್ತಾರೆ. ಅದರಲ್ಲಿ ಕಣ್ಣು ಮುಚ್ಚಿದವರನ್ನು, ಬಾಯಿ ತೆರೆದವರನ್ನು ಬಿಟ್ಟು, ಹೆಣ್ಣಿನ ಕಡೆಯವರು ಗಂಡಿನ ಕಡೆಯವರು ಇಬ್ಬರಿಗೂ ಸಮಾಧಾನವಾಗುವಂತೆ ಪುಟ ಕಟ್ಟುವುದು ಅವಳ ಕೆಲಸ. 2021ರಲ್ಲಿ ಕೊಂಡ ಕಂಪ್ಯೂಟರ್ ಅದು. ಎಂಟು ಜಿಬಿ ರ‍್ಯಾಮ್ ಇತ್ತು. ದೊಡ್ಡ ಪುಟ ತೆರೆದರೆ ಸಾಕು, ಏದುಸಿರು ಬಿಡುತ್ತಿತ್ತು. ಕಂಪ್ಯೂಟರಿನ ಹಾರ್ಡ್ ಡಿಸ್ಕು ಉಗ್ರಾಣವಾದರೆ ರ‍್ಯಾಮ್ ಎಂಬುದು ಅಡಿಗೆಕಟ್ಟೆ. ಸದ್ಯಕ್ಕೆ ಬೇಕಾದ್ದನ್ನೆಲ್ಲ ತೆಗೆದು ಹರಡಿಕೊಳ್ಳುವ ಜಾಗ. ಕಟ್ಟೆ ಚಿಕ್ಕದಾದರೆ ಪ್ರತಿಯೊಂದಕ್ಕೂ ಉಗ್ರಾಣಕ್ಕೆ ಓಡಬೇಕು. ತನ್ನ ದುಡಿಮೆಯ ಹಣದಲ್ಲೇ ಅವಳು ಹಳೆಯದನ್ನು ತೆಗೆಸಿ, ಎಂಟೆಂಟು ಜಿಬಿಯ ಹೊಸ ಜೋಡಿ ಹಾಕಿಸಿದಳು. ಅವಳು ಗರ್ಭಿಣಿಯಾಗಿದ್ದುದರಿಂದ ಯಂತ್ರವನ್ನು ಹೊತ್ತುಕೊಂಡು ಅಂಗಡಿಗೆ ಹೋದವರು ನಮ್ಮವರು.

ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 3200 ಎಂದಿತ್ತು. ಅದು ಕಟ್ಟೆಯ ಅಗಲವಲ್ಲ, ಕಟ್ಟೆಯಿಂದ ಒಲೆಗೆ ಸಾಮಾನು ದಾಟಿಸುವ ಕೈಯ ಚುರುಕು. ವರಮಹಾಲಕ್ಷ್ಮಿ ಹಬ್ಬಕ್ಕೆ ಬಂದ ಮೈದುನನ ಮಗ, ಎಂಜಿನಿಯರಿಂಗ್ ಓದುವವನು, ಒಬ್ಬಟ್ಟು ಅರಗುವ ತನಕ ಏನು ಮಾಡುವುದೆಂದು ಆ ಯಂತ್ರದ ಮುಂದೆ ಕೂತ. ಯಾವುದೋ ಪ್ರೋಗ್ರಾಮು ಹಾಕಿ ನೋಡಿದವನೇ ಕೂಗಿಕೊಂಡ.

“ದೊಡ್ಡಮ್ಮಾ, ಮೋಸ! 3200 ಅಂತ ದುಡ್ಡು ತಗೊಂಡು 1066 ಹಾಕಿದ್ದಾರೆ. ಮೂರರಲ್ಲಿ ಒಂದು ಪಾಲು!”

ನಮ್ಮವರು ಆಗಲೇ ಚಪ್ಪಲಿ ಮೆಟ್ಟಿದ್ದರು. ರ‍್ಯಾಮ್ ಜೋಡಿಸಿದವಳು ಅಂಗಡಿಯ ಮಾಲೀಕರಲ್ಲ, ದಿನಾ ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಡಿಪ್ಲೊಮಾ ಓದಿದ ಹುಡುಗಿ. ಆ ಮಾಲೀಕರನ್ನು ನಾನೂ ಕಂಡಿದ್ದೇನೆ. ಗಿರಾಕಿ ದನಿ ಎತ್ತಿದರೆ ಸಾಕು, ತಪ್ಪು ಯಾರದೆಂದು ನೋಡದೆ ಎದುರಿಗಿರುವ ಕೆಲಸದವರನ್ನು ಬೈದು, ಸಂಬಳದಲ್ಲಿ ಹಿಡಿದುಕೊಳ್ಳುತ್ತೇನೆಂದು ನಾಲ್ಕು ಜನರ ಮುಂದೆ ಸಾರುವವರು. “ಒಂದು ದಿನ ತಡೀರಿ. ಹಬ್ಬದ ದಿನ ಹೆಣ್ಣುಮಗಳೊಬ್ಬಳ ಕಣ್ಣಲ್ಲಿ ನೀರು ಹಾಕಿಸೋದು ಬೇಡ” ಎಂದೆ. ಹಬ್ಬದ ಹೆಸರು ಹೇಳಿದ್ದರಿಂದ ಚಪ್ಪಲಿ ಕಳಚಿದರು.

ಮೊದಲ ಗಂಟು ಬಿಡಿಸಿದವಳು ಸೊಸೆಯೇ. “ಅದನ್ನ ಎರಡರಿಂದ ಗುಣಿಸಬೇಕು ಕಣೋ” ಎಂದಳು. ಈ ಬಗೆಯ ಮೆಮೊರಿಗೆ ಡಿಡಿಆರ್ ಎಂದು ಹೆಸರು, ಅಂದರೆ ಡಬಲ್ ಡೇಟಾ ರೇಟ್. ಕಂಬಕ್ಕೆ ಕಟ್ಟಿದ ಕಡೆಗೋಲಿಗೆ ಹಗ್ಗ ಸುತ್ತಿ ಮೊಸರು ಕಡೆದವರಿಗೆ ಇದು ಬಿಡಿಸಿ ಹೇಳಬೇಕಾದ್ದಲ್ಲ. ಬಲಗೈ ಎಳೆದಾಗಲೂ ಕೆಲಸ, ಎಡಗೈ ಎಳೆದಾಗಲೂ ಕೆಲಸ. ಆ ಪ್ರೋಗ್ರಾಮು ಜೋಡಿ ಎಳೆತವನ್ನು ಒಂದೆಂದು ಎಣಿಸುತ್ತದೆ, ಡಬ್ಬಿಯವರು ಎರಡೆಂದು ಎಣಿಸುತ್ತಾರೆ. ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿಯ ಪುಟ ತೆರೆದರೆ ಅಲ್ಲಿ 2133 ಎಂದು ನೇರವಾಗಿಯೇ ಇತ್ತು. ಮೋಸ ಮೂರರಲ್ಲಿ ಎರಡು ಪಾಲಿನಿಂದ ಒಂದು ಪಾಲಿಗೆ ಇಳಿಯಿತು. ಹುಡುಗನ ಮುಖವೂ ಅಷ್ಟೇ ಇಳಿಯಿತು.

ಆದರೂ ಬಿಡಲಿಲ್ಲ. ಹಳೆಯದೊಂದನ್ನು ಒಳಗೇ ಉಳಿಸಿ ಹೊಸದೊಂದನ್ನು ಲಪಟಾಯಿಸಿರಬಹುದೆಂದ. ಅವನ ಅನುಮಾನದಲ್ಲಿ ಅರ್ಥವಿಲ್ಲದಿಲ್ಲ. ಚುರುಕಾದದ್ದನ್ನೂ ನಿಧಾನದ್ದನ್ನೂ ಜೋಡಿ ಮಾಡಿದರೆ ಎರಡೂ ನಿಧಾನದ್ದರ ನಡಿಗೆಗೇ ಬರುತ್ತವೆ, ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ. ಪ್ಲಗ್ ಕಿತ್ತು ಮುಚ್ಚಳ ತೆಗೆದು ನೋಡಿದೆವು. ಎರಡೂ ಹೊಸವೇ, ಅವಳಿ ಮಕ್ಕಳ ಹಾಗೆ ನಿಂತಿದ್ದವು.

ಹಾಗಾದರೆ 2133 ಏಕೆ? ಪ್ರತಿ ರ‍್ಯಾಮ್ ಪಟ್ಟಿಯ ಮೇಲೂ ಒಂದು ಪುಟ್ಟ ಚಿಪ್ ಇರುತ್ತದೆ. ಸ್ವಿಚ್ ಹಾಕಿದೊಡನೆ ಅದು ತನ್ನ ಕುಲಗೋತ್ರ ಹೇಳಿಕೊಳ್ಳುತ್ತದೆ. ಮೊದಲು ಹೇಳುವುದು ಜೆಡೆಕ್ ಎಂಬ ಸಂಸ್ಥೆ ಗೊತ್ತುಮಾಡಿದ, ಎಲ್ಲೂ ಎಡವದ ವೇಗ. 2014ರಲ್ಲಿ ಡಿಡಿಆರ್4 ಮನೆಯ ಕಂಪ್ಯೂಟರಿಗೆ ಬಂದಾಗ ಈ 2133 ಅದರ ಸಾಧಾರಣ ನಡಿಗೆಯಾಗಿತ್ತು. ಡಬ್ಬಿಯ ಮೇಲಿನ 3200 ನಮ್ಮ ಜೋಡಿಯಲ್ಲಿ ಬೇರೊಂದು ಪುಟದಲ್ಲಿತ್ತು. ಅದಕ್ಕೆ ಎಕ್ಸ್‌ಎಂಪಿ ಎನ್ನುತ್ತಾರೆ. ಅದಕ್ಕೆ ಕರೆಂಟೂ ತುಸು ಬಿಗಿಯಾಗಿ ಬೇಕು, 1.2 ವೋಲ್ಟಿನ ಬದಲು 1.35. ಆದ್ದರಿಂದ ಯಜಮಾನರು ಬಯಾಸ್‌ಗೆ ಹೋಗಿ ‘ಆಗಲಿ’ ಎನ್ನುವ ತನಕ ಬೋರ್ಡು ಆ ಪುಟವನ್ನು ಮುಟ್ಟುವುದಿಲ್ಲ. ಹೊಸ ಸೊಸೆಯನ್ನು ಮೊದಲ ದಿನ ಏನು ಬರುತ್ತದೆಂದು ಕೇಳಿದರೆ “ಅನ್ನ, ಸಾರು ಬರುತ್ತೆ ಅತ್ತೆ” ಎನ್ನುತ್ತಾಳಲ್ಲ, ಹಾಗೆ. ಚಿರೋಟಿಯೂ ಬರುತ್ತದೆ, ಯಾರೂ ಕೇಳಿರುವುದಿಲ್ಲ.

ಎಲ್ಲ 3200ರ ರ‍್ಯಾಮೂ ಹೀಗೇ ಅಲ್ಲ. ಅದೇ ವೇಗವನ್ನು ಜೆಡೆಕ್ ಲೆಕ್ಕದಲ್ಲೇ ಹೇಳಿಕೊಳ್ಳುವಂಥವೂ ಇವೆ, ಅವಕ್ಕೆ ಈ ಉಪಚಾರ ಬೇಡ. ಇದನ್ನು ಡಬ್ಬಿಯ ಮೇಲೆ ಒಂದು ಸಾಲಿನಲ್ಲಿ ಬರೆದರೆ ಅವರ ಗಂಟೇನು ಹೋಗುತ್ತಿತ್ತೋ!

ಮರುದಿನ ಸೊಸೆ ಅಂಗಡಿಗಲ್ಲ, ಆ ಹುಡುಗಿಗೇ ನೇರವಾಗಿ ಫೋನು ಮಾಡಿದಳು.

“ಅಯ್ಯೋ ಅಕ್ಕ, ಎಕ್ಸ್‌ಎಂಪಿ ಆನ್ ಮಾಡೋದು ಬಿಟ್ಟುಹೋಗಿದೆ. ಅವತ್ತು ಮಧ್ಯದಲ್ಲಿ ಕರೆಂಟ್ ಹೋಯ್ತು. ಆದರೆ ನಿಮಗೆ 3200 ಬರಲ್ಲ ಅಕ್ಕ, ಅಂಕಲ್‌ಗೆ ಹೇಳಿದ್ನಲ್ಲ! ನಿಮ್ಮ ಬೋರ್ಡು 2666ಕ್ಕೆ ನಿಲ್ಲುತ್ತೆ. 2666ದು ಸ್ಟಾಕ್ ಇರಲಿಲ್ಲ, ರೇಟು ಒಂದೇ ಅಂತ ಇದು ಹಾಕಿದೆ.”

ಎಲ್ಲರೂ ನಮ್ಮವರ ಕಡೆ ತಿರುಗಿದೆವು. ಅವರು ಕ್ಯಾಲೆಂಡರಿನ ಕಡೆ ತಿರುಗಿದರು. “ಏನೋ ಹೇಳಿದಳಪ್ಪ. ನಾನು ಆಗ ಇನ್ನೂರು ರೂಪಾಯಿ ಬಿಡಿಸ್ತಾ ಇದ್ದೆ.”

ಹುಡುಗ ಸುಮ್ಮನಿರದೆ ತಯಾರಕರ ವಿವರ ತೆಗೆದು ನೋಡಿದ. ನಮ್ಮದು ಐ5-10400 ಪ್ರೊಸೆಸರು, ಎಚ್410 ಬಗೆಯ ಬೋರ್ಡು. ಆ ಜೋಡಿಗೆ ಹೇಳಿರುವ ಮಿತಿ 2666, ಒಂದು ಅಂಕಿಯೂ ಹೆಚ್ಚಿಲ್ಲ. ಹುಡುಗಿ ಹೇಳಿದ್ದು ನಿಜವಾಗಿತ್ತು. ಸೆಟ್ಟಿಂಗು ಮರೆತದ್ದು ಅವಳ ಕಡೆಯ ತಪ್ಪೇ, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಆದರೆ ಅದು ಒಂದು ಫೋನಿಗೆ ತೀರುವ ತಪ್ಪು. ಮೋಸ ಎನ್ನುವ ಮಾತಿಗೂ ಮರೆವು ಎನ್ನುವ ಮಾತಿಗೂ ನಡುವೆ ಒಬ್ಬಳ ತಿಂಗಳ ಸಂಬಳವಿತ್ತು.

ಬಯಾಸ್ ತೆರೆಯಲು ಹುಡುಗ ಕುರ್ಚಿ ಎಳೆದುಕೊಂಡ. “ನೀನು ಏಳು, ನಾನೇ ಮಾಡ್ತೀನಿ” ಎಂದಳು ಸೊಸೆ. ಮೊದಲು ಅರ್ಧವಾಗಿದ್ದ ಆಲ್ಬಂಗಳನ್ನೆಲ್ಲ ಬೇರೊಂದು ಡಿಸ್ಕಿಗೆ ತುಂಬಿಟ್ಟಳು. ಆಮೇಲೆ ಯಂತ್ರ ಏಳುವಾಗಲೇ ಡಿಲೀಟ್ ಕೀಲಿ ಒತ್ತಿ, ಎಕ್ಸ್‌ಎಂಪಿ ಆನ್ ಮಾಡಿ, ಉಳಿಸಿ ಹೊರಬಂದಳು. ಪರದೆ ಕಪ್ಪಾಯಿತು. ಎಷ್ಟೋ ಹೊತ್ತು ಕಪ್ಪಾಗಿಯೇ ಇತ್ತು. ಹೊಸ ವೇಗಕ್ಕೆ ಬೋರ್ಡು ಹದಗೊಳ್ಳಲು ಅಷ್ಟು ಸಮಯ ಬೇಕು, ಏನನ್ನೂ ಒತ್ತಬೇಡಿ, ಆಗದಿದ್ದರೆ ಬಹಳ ಮಟ್ಟಿಗೆ ಅದೇ ಹಳೆಯ ವೇಗಕ್ಕೆ ಮರಳುತ್ತದೆ, ಅದೂ ಆಗದಿದ್ದರೆ ಪ್ಲಗ್ ಕಿತ್ತು ಬೋರ್ಡಿನ ಮೇಲಿನ ಗುಂಡು ಬ್ಯಾಟರಿ ತೆಗೆದು ಹಾಕಿದರೆ ಸೆಟ್ಟಿಂಗು ಅಳಿಯುತ್ತದೆ ಎಂದು ಹುಡುಗಿ ಮೊದಲೇ ಹೇಳಿದ್ದಳು. ಆದರೂ ಆ ಹೊತ್ತಿನಲ್ಲಿ ನಾನು ದೇವರಮನೆಯ ಕಡೆ ಒಮ್ಮೆ ನೋಡಿದ್ದು ಸುಳ್ಳಲ್ಲ. ಪರದೆ ಬೆಳಗಿತು. ಟಾಸ್ಕ್ ಮ್ಯಾನೇಜರ್ 2666 ಎಂದಿತು.

ಅಲ್ಲಿಗೇ ಬಿಡಲಿಲ್ಲ. ವೇಗ ಏರಿಸಿದ ಮೆಮೊರಿ ಒಮ್ಮೊಮ್ಮೆ ಸದ್ದಿಲ್ಲದೆ ತಪ್ಪುತ್ತದಂತೆ. ನಿಧಾನವಾದರೆ ಹೊತ್ತು ಹೋಗುತ್ತದೆ, ತಪ್ಪಿದರೆ ಯಾರದೋ ಧಾರೆಯ ಚಿತ್ರವೇ ಕೆಟ್ಟುಹೋಗಬಹುದು. ಧಾರೆಯನ್ನು ಎರಡನೆಯ ಸಲ ಎರೆಸಲಾಗುತ್ತದೆಯೇ? ಮೆಮ್‌ಟೆಸ್ಟ್86 ಎಂಬ ಉಚಿತ ತಪಾಸಣೆಯನ್ನು ಪೆನ್‌ಡ್ರೈವಿನಿಂದ ಓಡಿಸಿ ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಹಾಲು ಕಾಯಿಸುವ ಮೊದಲು ಹೋಗಿ ನೋಡಿದೆ. ಒಂದು ತಪ್ಪೂ ಇರಲಿಲ್ಲ.

ಇನ್ನು ಆಲ್ಬಂ ಕೆಲಸ ಹಾರತೊಡಗಿತೇ? ಇಲ್ಲ. ಲೆಕ್ಕದಲ್ಲಿ ನಾಲ್ಕು ಇದ್ದದ್ದು ಐದಾಯಿತು, ಕಣ್ಣಿಗೆ ಅಷ್ಟೂ ಕಾಣಲಿಲ್ಲ. ಎಂಟು ಹದಿನಾರಾದಾಗ, ಒಂಟಿ ಜೋಡಿಯಾದಾಗ ಆದ ಅನುಕೂಲವೇ ದೊಡ್ಡದು, ಅದು ರ‍್ಯಾಮ್ ಹಾಕಿದ ದಿನವೇ ಆಗಿಹೋಗಿತ್ತು. ಅಂಕಿ ನೋಡುವ ತನಕ ಸೊಸೆಗೆ ಯಾವ ದೂರೂ ಇರಲಿಲ್ಲ ಎಂಬುದನ್ನು ಮೈದುನನ ಮಗನಿಗೆ ಜ್ಞಾಪಿಸಿದೆ. “ಗೊತ್ತಾದ ಮೇಲೆ ಬಿಡೋಕಾಗುತ್ತಾ ದೊಡ್ಡಮ್ಮ” ಎಂದ. ಅದೂ ಸರಿಯೇ.

ದೀಪಾವಳಿಗೆ ಮುಂಚೆ ಆ ಹುಡುಗಿ ಈ ಕಡೆ ಬಂದಾಗ ಮನೆಗೂ ಬಂದು, ಸೊಸೆಯ ಹತ್ತಿರ ಹೊಟ್ಟೆಯ ಮಗುವಿನ ಮಾತು, ಬೋರ್ಡಿನ ಮಾತು ಎರಡನ್ನೂ ಆಡಿ ಕಾಫಿ ಕುಡಿದು ಹೋದಳು. ಈಗ ಬಿಲ್ಲಿನ ಹಿಂದೆ ಕೈಯಲ್ಲಿ ಎರಡು ಅಂಕಿ ಬರೆದುಕೊಡುತ್ತಾಳಂತೆ: ಡಬ್ಬಿಯ ಮೇಲಿನದೊಂದು, ಗಿರಾಕಿಯ ಯಂತ್ರದಲ್ಲಿ ಓಡುವುದೊಂದು. ಮಾಲೀಕರಿಗೆ ಅದು ಅಷ್ಟಾಗಿ ಹಿಡಿಸಿಲ್ಲವಂತೆ.