ದಪ್ಪ ಶಾಫ್ಟು ಮೊದಲೇ ಮುರಿದದ್ದೇಕೆ?

ನಮ್ಮ ಕಡೆ ಏನೇ ಮುರಿದರೂ ಮದ್ದು ಒಂದೇ: "ಇನ್ನೂ ದಪ್ಪದ್ದು ಹಾಕು." ಹಗ್ಗ ಹರಿದರೆ ದಪ್ಪ ಹಗ್ಗ, ನೊಗ ಸೀಳಿದರೆ ದಪ್ಪ ನೊಗ, ಮಗನಿಗೆ ಗಣಿತದಲ್ಲಿ ಅಂಕ ಕಡಿಮೆಯಾದರೆ ಇನ್ನೊಂದು ಟ್ಯೂಷನ್! ಬಹಳ ಸಲ ಈ ಮದ್ದು ನಾಟುತ್ತದೆ ಕೂಡ. ಅದು ನಾಟದೇ ಹೋದ ಒಂದು ಪ್ರಸಂಗವನ್ನು ನಾನು ಪಿಯುಸಿ ಓದುತ್ತಿದ್ದಾಗ ಶಿರಾದಲ್ಲಿ ಕಣ್ಣಾರೆ ಕಂಡೆ. ಈಗ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳುವಾಗ ಪುಸ್ತಕಕ್ಕಿಂತ ಮೊದಲು ನೆನಪಾಗುವುದು ಅದೇ.

ಶಿರಾ ಸೀಮೆ ಎಂದರೆ ಕಡಲೆಕಾಯಿ. ನನ್ನ ಸೋದರಮಾವ ಊರಾಚೆ ಹೆದ್ದಾರಿ ಪಕ್ಕದಲ್ಲಿ ಕಡಲೆಕಾಯಿ ಸುಲಿಯುವ ಸಣ್ಣ ಮಿಲ್ಲು ಇಟ್ಟಿದ್ದರು. ಕರೆಂಟನ್ನು ನೆಚ್ಚುವಂತಿರಲಿಲ್ಲ. ಹಾಗಾಗಿ ಗೋಡೆಯಾಚೆ ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್ ಕೂರಿಸಿ, ಗೋಡೆ ಕೊರೆದು ಎಂಟು ಅಡಿ ಉದ್ದದ ಉಕ್ಕಿನ ಶಾಫ್ಟು ಹಾಯಿಸಿ, ಒಳಗಿನ ಭಾರಿ ಪುಲ್ಲಿಯನ್ನು ತಿರುಗಿಸುತ್ತಿದ್ದರು. ಅಲ್ಲಿಂದ ಯಂತ್ರಕ್ಕೆ ಬೆಲ್ಟು.

25 ಮಿಲಿಮೀಟರ್ ದಪ್ಪದ ಆ ಶಾಫ್ಟು ಒಂದು ಸುಗ್ಗಿ ಕಳೆದು ಎರಡನೆಯದರಲ್ಲಿ ಮುರಿಯಿತು. "ಬಡಕಲು ಮಾಲು ಸಾವ್ಕಾರ್ರೇ, 28ರದ್ದು ಹಾಕಿ" ಎಂದರು ಲೇತ್ ಅಂಗಡಿಯವರು. ಹಾಕಿದರು. ಅದು ಒಂಬತ್ತೇ ದಿನಕ್ಕೆ ತುಂಡಾಯಿತು! ಅಂಗಳದಲ್ಲಿ ರೈತರ ಮೂಟೆಗಳು, ತಲೆಯ ಮೇಲೆ ಎಂಜಿನ್ನಿನ ಸಾಲ. ಮಾವ ಊಟ ಬಿಟ್ಟು ಕೂತಿದ್ದನ್ನು ಅವತ್ತೇ ನಾನು ಮೊದಲು ನೋಡಿದ್ದು.

ಕೊನೆಗೆ ಬಂದವರು ಹೆದ್ದಾರಿ ಬದಿಯ ಲಾರಿ ಗ್ಯಾರೇಜಿನ ಹಿರಿಯ ಮೇಸ್ತ್ರಿ. ಓದಿದ್ದು ಆರನೇ ತರಗತಿ. ಮುರಿದ ತುಂಡುಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಕೀ ಕೂರಿಸಲು ಕೊರೆದ ಸೀಳಿನ ಮೂಲೆಯಿಂದ ಹೊರಟ ಬಿರುಕು ಓರೆಯಾಗಿ ಸುತ್ತಿಕೊಂಡು ಹೋಗಿತ್ತು. "ಇದು ಭಾರಕ್ಕೆ ಮುರಿದಿದ್ದಲ್ಲ, ತಿರುಚಿ ತಿರುಚಿ ಸತ್ತಿದ್ದು" ಎಂದರು. ನೀವೂ ಒಂದು ಸೀಮೆಸುಣ್ಣವನ್ನು ಎರಡೂ ತುದಿಯಲ್ಲಿ ಹಿಡಿದು ಬಟ್ಟೆ ಹಿಂಡಿದಂತೆ ತಿರುಚಿ ನೋಡಿ. ಸುಮಾರು 45 ಡಿಗ್ರಿ ಓರೆಯಲ್ಲಿ, ಸುರುಳಿಯಾಗಿ ಮುರಿಯುತ್ತದೆ. ಬಗ್ಗಿಸಿ ಮುರಿದರೆ ನೇರವಾಗಿ ಮುರಿಯುತ್ತದೆ. ಮುರಿದ ಮುಖವೇ ಸಾವಿನ ಕಾರಣ ಹೇಳುತ್ತದೆ.

ಸಮನಾಗಿ ತಿರುಗುವ ಶಾಫ್ಟನ್ನು ತಿರುಚುವವರು ಯಾರು? ಎಂಜಿನ್ನೇ. ನಾಲ್ಕು ಸ್ಟ್ರೋಕಿನ ಒಂಟಿ ಸಿಲಿಂಡರು ಎರಡು ಸುತ್ತಿಗೆ ಒಮ್ಮೆ ಮಾತ್ರ ಸಿಡಿಯುತ್ತದೆ. ನಿಮಿಷಕ್ಕೆ 1,500 ಸುತ್ತು ಎಂದರೆ ಸೆಕೆಂಡಿಗೆ ಹನ್ನೆರಡೂವರೆ ಏಟು. ಫ್ಲೈವೀಲು ಅದನ್ನು ಸಾಕಷ್ಟು ನುಂಗಿದರೂ ಪೂರ್ತಿ ನುಂಗುವುದಿಲ್ಲ. ಇತ್ತ ಕಡೆ ಫ್ಲೈವೀಲು, ಅತ್ತ ಕಡೆ ಪುಲ್ಲಿ, ನಡುವೆ ಉದ್ದನೆಯ ಶಾಫ್ಟು. ಮಕ್ಕಳು ಉಯ್ಯಾಲೆಯ ಹಗ್ಗವನ್ನು ಹುರಿಗೊಳಿಸಿ ಬಿಟ್ಟಾಗ ಅದು ಬಿಚ್ಚಿಕೊಂಡು, ಮತ್ತೆ ಹಿಂದಕ್ಕೆ ಸುತ್ತಿಕೊಂಡು ಆಡುತ್ತದಲ್ಲ, ಉಕ್ಕೂ ಕಣ್ಣಿಗೆ ಕಾಣದಷ್ಟು ಹಾಗೆಯೇ ಆಡುತ್ತದೆ. ಅದಕ್ಕೂ ತನ್ನದೇ ಒಂದು ಲಯವಿದೆ. ಅದೇ ಸಹಜ ಆವೃತ್ತಿ. ಹೊರಗಿನ ಏಟು ಆ ಲಯಕ್ಕೆ ಕೂಡಿಬಂದರೆ ಆಟ ಏರುತ್ತಲೇ ಹೋಗುತ್ತದೆ. ಪುಸ್ತಕದಲ್ಲಿ ನೀವು ಓದುವ ಅನುರಣನ.

ಮುಂದೆ ಎಂಜಿನಿಯರಿಂಗ್ ಓದುವಾಗ ನಾನು ಇದರ ಲೆಕ್ಕ ಹಾಕಿ ನೋಡಿದೆ. ಶಾಫ್ಟಿನ ಬಿಗಿ ಅದರ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ. 25ರಿಂದ 28ಕ್ಕೆ ಹೋದರೆ ಬಿಗಿ ಒಂದೂವರೆ ಪಟ್ಟಿಗಿಂತ ಹೆಚ್ಚು; ಸಹಜ ಆವೃತ್ತಿ ಕಾಲು ಭಾಗ ಹೆಚ್ಚು. ಹಳೆಯ ಶಾಫ್ಟಿನದು ಸೆಕೆಂಡಿಗೆ ಸುಮಾರು 10. ಹೊಸದರದು ಹನ್ನೆರಡೂವರೆ! ಎಂಜಿನ್ನಿನ ಏಟಿನ ಬಾಯಿಗೇ ಅದನ್ನು ಒಯ್ದು ಇಟ್ಟಂತಾಗಿತ್ತು. ದಪ್ಪವಾದುದರಿಂದ ಬಂದ ಬಲ ನೂರಕ್ಕೆ ನಲವತ್ತರಷ್ಟು. ಅನುರಣನ ತಂದ ಏಟಿನ ಮುಂದೆ ಆ ನಲವತ್ತು ಏನೂ ಅಲ್ಲ.

ಮೇಸ್ತ್ರಿ ಈ ಲೆಕ್ಕ ಹಾಕಲಿಲ್ಲ. ಗ್ಯಾರೇಜಿನಿಂದ ಲಾರಿಯ ಒಂದು ಹಳೆಯ ಕ್ಲಚ್ ಪ್ಲೇಟು ತರಿಸಿ, ಅದರ ನಡುವೆ ವೃತ್ತವಾಗಿ ಕೂತ ದಪ್ಪ ಸ್ಪ್ರಿಂಗುಗಳನ್ನು ತೋರಿಸಿದರು: "ಎಂಜಿನ್ ಹೊಡೆಯೋ ಏಟು ಗೇರ್ ಬಾಕ್ಸಿಗೆ ಹೋಗದಂಗೆ ಇವು ತಿಂತವೆ. ನಿಮ್ಮಲ್ಲಿ ತಿನ್ನೋರು ಯಾರವ್ರೆ?" ಎಂಜಿನ್ ಮತ್ತು ಶಾಫ್ಟಿನ ನಡುವಿನ ಗಟ್ಟಿ ಕಪ್ಲಿಂಗ್ ತೆಗೆಸಿ, ರಬ್ಬರ್ ಟಯರಿನಂಥ ಕಪ್ಲಿಂಗ್ ಹಾಕಿಸಿದರು. ಮೆತ್ತಗಿನ ರಬ್ಬರು ಇಡೀ ಜೋಡಣೆಯ ಲಯವನ್ನು ಸೆಕೆಂಡಿಗೆ 5ರ ಆಸುಪಾಸಿಗೆ ಇಳಿಸಿತು. ಏಟಿನ ಆವೃತ್ತಿ ಸಹಜ ಆವೃತ್ತಿಯ 1.4 ಪಟ್ಟು ದಾಟಿದರೆ ಆಚೆಗೆ ಹೋಗುವ ಕಂಪನ ತಗ್ಗತೊಡಗುತ್ತದೆ. ಎರಡೂವರೆ ಪಟ್ಟಾದರೆ ಐದರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕಿತ್ತು. ಸ್ಟಾರ್ಟ್ ಮಾಡುವಾಗ ನಿಮಿಷಕ್ಕೆ 600 ಸುತ್ತಿನ ಹತ್ತಿರ ಹೊಸ ಲಯಕ್ಕೆ ಏಟು ಕೂಡುತ್ತದೆ. ಅಲ್ಲಿ ನಿಲ್ಲದೆ ಬೇಗ ದಾಟಬೇಕು. "ಅಲ್ಲಿ ನಡುಗ್ತದೆ, ನಿಲ್ಲಿಸ್ಬೇಡಿ" ಎಂದು ಮೇಸ್ತ್ರಿ ಅದನ್ನೂ ಹೇಳಿಯೇ ಹೋದರು. ಮತ್ತೆ ಹಾಕಿದ 25ರ ಶಾಫ್ಟು ಮಾವ ಮಿಲ್ಲು ಮಾರುವವರೆಗೂ ಮುರಿಯಲಿಲ್ಲ.

ಇದು ಹಳ್ಳಿ ಮಿಲ್ಲಿನ ಪಾಡು ಮಾತ್ರವಲ್ಲ. ಹಡಗುಗಳ ಶಾಫ್ಟುಗಳು ಹೀಗೆ ಮುರಿಯುತ್ತಿದ್ದ ಕಾಲದಲ್ಲಿ ಜರ್ಮನಿಯ ಹರ್ಮನ್ ಫ್ರಾಮ್ ಅವುಗಳ ತಿರುಚನ್ನು ಅಳೆದು 1902ರಲ್ಲಿ ಅನುರಣನವನ್ನು ತೋರಿಸಿಕೊಟ್ಟ. ಅಮೆರಿಕದ ನೆವಾಡಾದ ಮೊಹಾವೆ ವಿದ್ಯುತ್ ಸ್ಥಾವರದಲ್ಲಿ 1970ರಲ್ಲೊಮ್ಮೆ, 1971ರಲ್ಲಿ ಮತ್ತೊಮ್ಮೆ ಜನರೇಟರಿನ ಶಾಫ್ಟು ತಿರುಚು ಕಂಪನದಿಂದಲೇ ಹಾಳಾಯಿತು. ಹಾಗೆಂದು ಈ ಕಂಪನ ಬರೀ ವೈರಿಯೂ ಅಲ್ಲ. ನಮ್ಮ ತಂದೆಯವರ ಕೈಯಲ್ಲಿದ್ದ ಎಚ್‌ಎಂಟಿ ಜನತಾ ಗಡಿಯಾರದಲ್ಲಿ ಪುಟ್ಟ ಚಕ್ರವೊಂದು ಕೂದಲೆಳೆಯಂಥ ಸ್ಪ್ರಿಂಗಿಗೆ ಸಿಕ್ಕು ಅತ್ತಿತ್ತ ತಿರುಗುತ್ತ, ಗಂಟೆಗೆ 18,000 ಸಲ ಟಿಕ್ ಎನ್ನುತ್ತಿತ್ತು. ಅದೂ ತಿರುಚು ಕಂಪನವೇ.

ಲೇತ್ ಅಂಗಡಿಯವರು ನೋಡಿದ್ದು ಶಾಫ್ಟನ್ನು. ಮೇಸ್ತ್ರಿ ನೋಡಿದ್ದು ಎಂಜಿನ್ನಿನಿಂದ ಪುಲ್ಲಿಯವರೆಗಿನ ಇಡೀ ಸಂಸಾರವನ್ನು. ವ್ಯತ್ಯಾಸ ಅಷ್ಟೇ. ವಿದ್ಯಾರ್ಥಿಗಳೇ, ಮುಂದಿನ ರಜೆಯಲ್ಲಿ ನಿಮ್ಮೂರಿನ ಗ್ಯಾರೇಜಿಗೆ ಹೋಗಿ ಒಂದು ಹಳೆಯ ಕ್ಲಚ್ ಪ್ಲೇಟು ಕೇಳಿ, ಸ್ಪ್ರಿಂಗುಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ಅಪ್ಪ ಅಮ್ಮಂದಿರೇ, ಅಂಗಿಗೆ ಗ್ರೀಸು ಹತ್ತಿಸಿಕೊಂಡು ಬಂದರೆ ಬೈಯಬೇಡಿ. ಇನ್ನೊಂದು ಟ್ಯೂಷನ್ನಿಗೆ ಹಾಕುವ ಮುನ್ನ ಏಟು ಎಲ್ಲಿಂದ ಬೀಳುತ್ತಿದೆ ಎಂದು ಒಮ್ಮೆ ಕೇಳಿ.