ಚೆಂಡಿನ ಮೇಲಿದ್ದ ಹೆಸರು

ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ಮೇಲೆ ‘ಸ್ಪಾಲ್ಡಿಂಗ್’ ಎಂದು ಬರೆದಿದೆ. ಅದು ಕಂಪನಿಯ ಹೆಸರು ಎಂದಷ್ಟೇ ನನಗೆ ಗೊತ್ತಿತ್ತು. ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಪಾಠಕ್ಕೆ ಉದಾಹರಣೆ ಹುಡುಕುವಾಗ ತಿಳಿಯಿತು, ಅದು ಒಬ್ಬ ಆಟಗಾರನ ಹೆಸರು.

ಆಲ್ಬರ್ಟ್ ಸ್ಪಾಲ್ಡಿಂಗ್ ಅಮೆರಿಕದಲ್ಲಿ ಹುಟ್ಟಿದವನು. ಬೇಸ್‌ಬಾಲ್‌ನಲ್ಲಿ ಪಿಚರ್, ಅಂದರೆ ನಮ್ಮ ಕ್ರಿಕೆಟ್‌ನ ಬೌಲರ್ ಇದ್ದಂತೆ. ಆಗಿನ ನಿಯಮದಂತೆ ಕೈ ಮೇಲೆತ್ತಿ ಎಸೆಯುವಂತಿರಲಿಲ್ಲ, ಕೆಳಗಿನಿಂದಲೇ ಚೆಂಡು ಹಾಕಬೇಕಿತ್ತು. 1871ರಲ್ಲಿ ಬಾಸ್ಟನ್ ತಂಡ ಸೇರಿದ. 1872ರಿಂದ 1875ರವರೆಗೆ ಸತತ ನಾಲ್ಕು ವರ್ಷ ಆ ತಂಡವೇ ಚಾಂಪಿಯನ್. 1876ರಲ್ಲಿ ಶಿಕಾಗೋಗೆ ಹೋಗಿ ಒಂದೇ ಸೀಸನ್ನಿನಲ್ಲಿ ಪಿಚರ್ ಆಗಿ 47 ಪಂದ್ಯ ಗೆದ್ದ. ಅದೇ ವರ್ಷ ತಮ್ಮನ ಜೊತೆ 800 ಡಾಲರ್ ಬಂಡವಾಳ ಹಾಕಿ ಆಟದ ಸಾಮಾನಿನ ಅಂಗಡಿ ತೆರೆದ.

ಮರುವರ್ಷ ಪಿಚಿಂಗ್ ಹೆಚ್ಚುಕಡಿಮೆ ಬಿಟ್ಟು ಬೇರೆ ಸ್ಥಾನದಲ್ಲಿ ನಿಂತು, ಕೈಗೆ ಕಪ್ಪು ಗ್ಲೌಸ್ ಹಾಕಿಕೊಂಡ. ಆಗ ಗ್ಲೌಸ್ ಹಾಕುವುದೆಂದರೆ ಆಟಗಾರರಿಗೆ ನಾಚಿಕೆ. ಹೆಸರುವಾಸಿಯಾದವನೇ ಹಾಕಿದ್ದರಿಂದ ಉಳಿದವರ ಸಂಕೋಚವೂ ಕಡಿಮೆಯಾಯಿತು. ಅವನ ಅಂಗಡಿಯಲ್ಲಿ ಗ್ಲೌಸ್ ಮಾರಾಟಕ್ಕೂ ಇತ್ತು! 1878ರಲ್ಲಿ ಕೊನೆಯ ಪಂದ್ಯ ಆಡಿದ.

ಇದನ್ನು ಓದುವಾಗ ನನಗೆ ಭಾಯಿಜಾನ್ ನೆನಪಾದರು. ನಮ್ಮ ಮೊಹಲ್ಲಾದಲ್ಲಿ ಅವರಷ್ಟು ವೇಗವಾಗಿ ಬೌಲಿಂಗ್ ಮಾಡುವವರು ಇರಲಿಲ್ಲ. ಪಿಯುಸಿ ಮುಗಿದ ವರ್ಷ ಅಬ್ಬಾಗೆ ಹುಷಾರು ತಪ್ಪಿತು. ಅವರು ಆಟ ಬಿಟ್ಟು ಅಂಗಡಿಯಲ್ಲಿ ಕುಳಿತರು. ‘ಹೆದರಿ ಬಿಟ್ಟಿರಿ’ ಎಂದು ನಾನು ಎಷ್ಟೋ ಸಲ ಹಂಗಿಸಿದ್ದೇನೆ.

ಸ್ಪಾಲ್ಡಿಂಗ್ ಕಥೆಯನ್ನು ಊಟದ ಹೊತ್ತಿಗೆ ಮನೆಯಲ್ಲಿ ಉರ್ದುವಿನಲ್ಲಿ ಹೇಳಿದೆ. “ನೋಡಿ, ಅವನೂ ನಿಮ್ಮ ಹಾಗೆಯೇ ಅಂಗಡಿ ಹಿಡಿದ” ಎಂದೆ. ಭಾಯಿಜಾನ್ ನಕ್ಕರು. “ಅವನು ಬೇಕೆಂದು ಬಿಟ್ಟ. ನನ್ನನ್ನು ಯಾರು ಕೇಳಿದರು?” ಎಂದರು. ಅಮ್ಮಿ ತಲೆ ತಗ್ಗಿಸಿ ರೊಟ್ಟಿ ಬಡಿಸುತ್ತಿದ್ದರು. ನಾನು ಸುಮ್ಮನಾದೆ.

ಸ್ಪಾಲ್ಡಿಂಗ್‌ಗೆ ಆಟದಲ್ಲಿ ಗಳಿಸಿದ ಹೆಸರೇ ಗುಡ್‌ವಿಲ್ ಆಯಿತು, ಅದು ಇವತ್ತಿಗೂ ಚೆಂಡಿನ ಮೇಲಿದೆ. ಭಾಯಿಜಾನ್ ಬಿಟ್ಟುಕೊಟ್ಟದ್ದನ್ನು ಯಾವ ಲೆಕ್ಕಪುಸ್ತಕದಲ್ಲಿ ಬರೆಯಬೇಕೋ ತಿಳಿಯದು. ಆದರೆ ನನ್ನ ಕಾಲೇಜು ಫೀಸು ಆ ಅಂಗಡಿಯಿಂದಲೇ ಬರುತ್ತದೆ.

ಈಗ ಭಾನುವಾರ ಮಧ್ಯಾಹ್ನ ಅಂಗಡಿಯಲ್ಲಿ ನಾನು ಕೂರುತ್ತೇನೆ. ಭಾಯಿಜಾನ್ ಮೈದಾನಕ್ಕೆ ಹೋಗುತ್ತಾರೆ.